ಮುತ್ತಿನೋಲೆಯ ಹುಡುಗಿ ಬಂದಳು, ಅವ್ವ ಬರಲಿಲ್ಲ

ಜಮಖಂಡಿಯ ಓದುಗರೊಬ್ಬರ ಪತ್ರ ಉದ್ದವಾಗಿದೆ. ಅದರ ಸಾರ ಇಷ್ಟು:

“ನನಗೆ 34 ವರ್ಷ. ಊರಿನಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಚಿತ್ರಕಲೆಯನ್ನು ಎಲ್ಲಿಯೂ ಕ್ರಮವಾಗಿ ಕಲಿತಿಲ್ಲ. ಎರಡು ವರ್ಷಗಳಿಂದ ರಾತ್ರಿ ಅಂಗಡಿಯ ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಯುರೋಪಿನ ಹಳೆಯ ಗುರುಗಳಾದ ರೆಂಬ್ರಾಂಟ್, ವರ್ಮೀರ್, ವೆಲಾಸ್ಕೆಸ್ ಚಿತ್ರಗಳನ್ನು ನೋಡುತ್ತ ಎಣ್ಣೆಬಣ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಹನ್ನೊಂದು ಆಗಿವೆ. ವರ್ಮೀರನ ಮುತ್ತಿನೋಲೆಯ ಹುಡುಗಿಯನ್ನು ನೋಡಿದವರೆಲ್ಲ ‘ಥೇಟ್ ಅದೇ’ ಎನ್ನುತ್ತಾರೆ. ದೀಪಾವಳಿಯ ರಜೆಯಲ್ಲಿ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಬರೆದೆ. ಬಂದದ್ದು ಕಟ್ಟಿಗೆಯ ಗೊಂಬೆ, ಬಣ್ಣವೂ ಬೂದಿ ಬೂದಿ. ಅವ್ವ ನೋಡಿ ‘ಇವಳು ಯಾರಪ್ಪ?’ ಎಂದಳು. ಪರಿಚಯದ ಹಿರಿಯ ಕಲಾವಿದರೊಬ್ಬರು ‘ನಕಲು ಮಾಡಿ ಮಾಡಿ ಕೈ ಕೆಟ್ಟಿದೆ, ಬಿಟ್ಟುಬಿಡು’ ಎನ್ನುತ್ತಾರೆ. ಇನ್ನೊಬ್ಬರು ‘ನೂರು ನಕಲು ಆಗುವ ತನಕ ಜೀವಂತ ಮುಖ ಮುಟ್ಟಲೇಬೇಡ’ ಎನ್ನುತ್ತಾರೆ. ಯಾರ ಮಾತು ಕೇಳಲಿ? ಮೂಲ ಚಿತ್ರದ ಮೇಲೂ ಕ್ಯಾನ್ವಾಸಿನ ಮೇಲೂ ಚೌಕಳಿ ಗೆರೆ ಹಾಕಿಕೊಂಡು ಬರೆಯುವುದು ಮೋಸವೇ? ಗಾಣದ ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಹುದೇ? ಹೋಟೆಲಿನವರೊಬ್ಬರು ನಕಲುಗಳನ್ನು ಕೊಳ್ಳುತ್ತೇನೆ ಎನ್ನುತ್ತಿದ್ದಾರೆ, ಮಾರಬಹುದೇ?”

ನೀವು ಕಳಿಸಿದ ಎರಡು ಚಿತ್ರಗಳ ಫೋಟೋಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೊದಲು ಒಂದು ಸಮಾಧಾನದ ಮಾತು: ನಿಮ್ಮ ಕೈ ಕೆಟ್ಟಿಲ್ಲ. ಆ ಹುಡುಗಿಯ ತಲೆವಸ್ತ್ರದ ನೀಲಿ ಮಡಿಕೆಗಳನ್ನು ಎಳೆದಿರುವ ಕೈಗೆ ತಾಳ್ಮೆಯೂ ಇದೆ, ಹಿಡಿತವೂ ಇದೆ. ಬೆಳಗಾವಿಯಲ್ಲಿ ಮೂವತ್ತೆರಡು ವರ್ಷ ಭಾವಚಿತ್ರ ಬರೆದಿದ್ದೇನೆ, ಕಲಿಸಿದ್ದೇನೆ. ಈ ದೂರನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಕಲು ಮಾಡಲೇ ಬಿಡಲೇ ಎಂದು ಕೇಳಿದ್ದೀರಿ. ನಿಮ್ಮನ್ನು ಒಳಗೊಳಗೇ ತಿನ್ನುತ್ತಿರುವುದು ಮಾತ್ರ ಇನ್ನೊಂದು: ಮುನ್ನೂರೈವತ್ತು ವರ್ಷಗಳ ಹಿಂದಿನ, ಹೆಸರೂ ಗೊತ್ತಿಲ್ಲದ ಡಚ್ ಹುಡುಗಿ ಬಂದಳು, ಹುಟ್ಟಿದಂದಿನಿಂದ ನೋಡುತ್ತಿರುವ ಮುಖ ಏಕೆ ಬರಲಿಲ್ಲ?

ಅದಕ್ಕೆ ಬರುವ ಮುಂಚೆ ಆ ಇಬ್ಬರು ಹಿರಿಯರ ಮಾತನ್ನು ತೂಗಿ ನೋಡೋಣ.

ನಕಲಿನಿಂದ ಕೈ ಕೆಡುತ್ತದೆ ಎಂಬುದು ನಮ್ಮ ಭಾಗದಲ್ಲಿ ಹಳೆಯ ಮಾತು. ಅದು ನಿಜವಾಗಿದ್ದರೆ ನೀವು ನಕಲು ಮಾಡುತ್ತಿರುವ ಗುರುಗಳ ಕೈಯೇ ಮೊದಲು ಕೆಡಬೇಕಿತ್ತು. 1639ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹರಾಜೊಂದರಲ್ಲಿ ಇಟಲಿಯ ಚಿತ್ರಕಾರ ರಾಫೆಲ್ ಬರೆದ, ಕಸ್ತಿಲಿಯೋನೆ ಎಂಬ ಆಸ್ಥಾನಿಕನ ಭಾವಚಿತ್ರ ಮಾರಾಟಕ್ಕೆ ಬಂತು. ಅದನ್ನು ನೋಡಿದ ರೆಂಬ್ರಾಂಟ್ ಲೇಖನಿಯಿಂದ ಅದರ ಪುಟ್ಟ ರೇಖಾಚಿತ್ರವೊಂದನ್ನು ಗೀಚಿಕೊಂಡು, ಪಕ್ಕದಲ್ಲಿ ಅದು 3,500 ಗಿಲ್ಡರಿಗೆ ಹೋಯಿತೆಂದು ಬರೆದಿಟ್ಟ. ಆ ಹಾಳೆ ಈಗಲೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ನಿಮ್ಮ ಅಳತೆಗೋಲಿನಲ್ಲಿ ಅದು ಫೇಲಾದ ನಕಲು: ಟೋಪಿ ಓರೆಯಾಗಿದೆ, ಗೆರೆಗಳು ಅವಸರದವು. ಆದರೆ ಮರುವರ್ಷ, 1640ರಲ್ಲಿ, ಅವನು ಬರೆದ ಸ್ವಂತ ಭಾವಚಿತ್ರವನ್ನು ನೋಡಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ದೇಹ ಪಕ್ಕಕ್ಕೆ, ಮುಖ ನಮ್ಮ ಕಡೆಗೆ, ತೋಳು ಮುಂದಿನ ಕಟ್ಟೆಯ ಮೇಲೆ. ಹರಾಜಿನಲ್ಲಿ ಅವನು ಜೇಬಿಗಿಳಿಸಿದ್ದು ಕೂತ ಭಂಗಿಯನ್ನು, ಮೈ ಒಂದು ಕಡೆ ಹೋದಾಗ ಮುಖ ಇನ್ನೊಂದು ಕಡೆ ತಿರುಗಿದರೆ ಮನುಷ್ಯನಿಗೆ ಬರುವ ಗತ್ತನ್ನು. ರಾಫೆಲನ ಬಣ್ಣ, ನುಣುಪು, ಬಟ್ಟೆಯ ತುಪ್ಪಳ ಯಾವುದೂ ಅವನಿಗೆ ಬೇಕಾಗಿರಲಿಲ್ಲ.

ಅದೇ ರೆಂಬ್ರಾಂಟ್ ಐವತ್ತು ದಾಟಿದ ಮೇಲೆ ನಮ್ಮ ದೇಶದ ಮೊಗಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ನಕಲುಗಳನ್ನು ಮಾಡಿದ. ಜಹಾಂಗೀರ್, ಷಾಜಹಾನ್ ಎಲ್ಲ ಅವನ ಲೇಖನಿಯ ಕೆಳಗೆ ಹಾದುಹೋದರು. (ಹಾಲೆಂಡಿನ ನಂಟು ನಮಗೂ ಹೊಸದಲ್ಲ. 1610ರ ಹೊತ್ತಿಗೆ ಹಾರ್ಲೆಮ್‌ನ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ. ಗೋಳಗುಮ್ಮಟಕ್ಕೆ ಇನ್ನೂ ಬುನಾದಿ ಬಿದ್ದಿರಲಿಲ್ಲ.)

ಚಿತ್ರಕಾರರ ಉದಾಹರಣೆ ಸಾಕು ಎನಿಸಿದರೆ ನಮ್ಮ ಸುಳೇಭಾವಿಯ ಹುಡುಗನನ್ನು ನೆನೆಯಿರಿ. ಕುಮಾರ ಗಂಧರ್ವರು ಬಾಲ್ಯದಲ್ಲಿ ಹೆಸರಾದದ್ದೇ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ದೊಡ್ಡ ದೊಡ್ಡ ಗವಾಯಿಗಳನ್ನು ಹಾಗೆಯೇ ಹಾಡಿ ತೋರಿಸಿದ್ದರಿಂದ. ನಕಲಿನಿಂದ ಅವರ ಗಂಟಲು ಕೆಡಲಿಲ್ಲ. ಹಾಗೆಂದು ಬರೀ ತಟ್ಟೆಯೇ ಅವರನ್ನು ಕುಮಾರ ಗಂಧರ್ವ ಮಾಡಲೂ ಇಲ್ಲ. ಮುಂಬಯಿಯಲ್ಲಿ ದೇವಧರ ಮಾಸ್ತರರ ಮುಂದೆ ಕೂತು ವರ್ಷಗಟ್ಟಲೆ ಕಲಿತರು.

ಈ ಮಾತು ಎರಡನೆಯ ಹಿರಿಯರಿಗೂ ಉತ್ತರ. ನೂರು ನಕಲು ಮುಗಿಸಿ ಆಮೇಲೆ ಜೀವಂತ ಮುಖಕ್ಕೆ ಬಾ ಎನ್ನುವುದು ಬಾವಿಯ ದಂಡೆಯ ಮೇಲೆ ಕೈಬೀಸಿ ಈಜು ಕಲಿಸಿದ ಹಾಗೆ. ಅರವತ್ತೆಪ್ಪತ್ತು ನಕಲು ಮಾಡಿ ನನ್ನ ಬಳಿಗೆ ಬಂದವರನ್ನು ನೋಡಿದ್ದೇನೆ. ಅವರ ಕಷ್ಟ ನಿಮ್ಮದಕ್ಕಿಂತ ದೊಡ್ಡದು, ಏಕೆಂದರೆ ಅವರಿಗೆ ಸೋಲುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಎದುರಿಗೆ ಕೂತವರು ಅಲುಗಾಡಿದರೆ ಇವರಿಗೆ ಸಿಟ್ಟು ಬರುತ್ತದೆ. ನೀವು ಹನ್ನೊಂದಕ್ಕೇ ಅವ್ವನನ್ನು ಕೂರಿಸಿದ್ದು ಒಳ್ಳೆಯದಾಯಿತು.

ಈಗ ಅವ್ವ ಕಟ್ಟಿಗೆಯಾದ ಕಾರಣಕ್ಕೆ ಬರುತ್ತೇನೆ.

ವರ್ಮೀರನ ಚಿತ್ರದಲ್ಲಿ ಕಷ್ಟದ ಕೆಲಸವೆಲ್ಲ ಆಗಲೇ ಮುಗಿದಿದೆ. ಉಬ್ಬುತಗ್ಗಿನ ಮುಖವನ್ನು ಚಪ್ಪಟೆ ಬಟ್ಟೆಯ ಮೇಲೆ ಹೇಗೆ ಕೂರಿಸುವುದು, ಯಾವ ಅಂಚು ಗಟ್ಟಿ, ಯಾವ ಅಂಚು ಕರಗಬೇಕು, ಎಷ್ಟು ನೆರಳು, ಏನನ್ನು ಬಿಡಬೇಕು, ಎಲ್ಲವನ್ನೂ 1665ರ ಸುಮಾರಿಗೆ ಅವನೇ ತೀರ್ಮಾನಿಸಿಬಿಟ್ಟ. ನೀವು ಆ ತೀರ್ಮಾನಗಳನ್ನು ಚೌಕಳಿಯಿಂದ ಚೌಕಳಿಗೆ ಸಾಗಿಸಿದಿರಿ. ಅವ್ವನ ಮುಖದಲ್ಲಿ ಹಾಗೆ ಯಾರೂ ಏನನ್ನೂ ತೀರ್ಮಾನಿಸಿಲ್ಲ. ಅಲ್ಲಿ ಸಾವಿರ ಸುಕ್ಕು, ನೂರು ಬಣ್ಣ, ಎರಡು ಕಡೆಯ ಬೆಳಕು, ಮೇಲಾಗಿ ಐದು ನಿಮಿಷಕ್ಕೊಮ್ಮೆ ಒಲೆಯ ಮೇಲಿನ ಹಾಲಿನ ಚಿಂತೆ. ಆರಿಸಿಕೊಳ್ಳಬೇಕಾದವರು ನೀವು. ಆರಿಸುವ ಅಭ್ಯಾಸ ಆಗಿಲ್ಲದ್ದರಿಂದ ಕಂಡದ್ದನ್ನೆಲ್ಲ ಒಂದೇ ಒತ್ತಿನಲ್ಲಿ ಬರೆದಿರಿ. ಕಣ್ಣಿನ ಸುತ್ತ ಗೆರೆ, ಮೂಗಿನ ಸುತ್ತ ಗೆರೆ, ತುಟಿಯ ಸುತ್ತ ಗೆರೆ. ಎಲ್ಲ ಗೆರೆಯೂ ಸಮನಾದಾಗ ಮುಖ ಕೆತ್ತಿದ ಹಾಗೆ ಕಾಣುತ್ತದೆ.

ಇದನ್ನು ನಿಮ್ಮ ಹುಡುಗಿಯ ಚಿತ್ರದಲ್ಲಿಯೇ ತೋರಿಸಬಲ್ಲೆ. ಮೂಲ ಚಿತ್ರದಲ್ಲಿ ಮೂಗಿನ ಬಲಬದಿಯನ್ನು ಹಿಗ್ಗಿಸಿ ನೋಡಿ. ಮೂಗಿಗೂ ಅದರಾಚೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ. ಎರಡೂ ಒಂದೇ ಬಣ್ಣದಲ್ಲಿ ಕೂಡಿಕೊಂಡಿವೆ, ಮೂಗನ್ನು ಕಟ್ಟಿಕೊಳ್ಳುವುದು ನೋಡುವವನ ಕಣ್ಣು. ನಿಮ್ಮ ನಕಲಿನಲ್ಲಿ ಅಲ್ಲೊಂದು ತೆಳ್ಳನೆಯ ಕಂದು ಗೆರೆ ಇದೆ. ಮುತ್ತೂ ಹಾಗೆಯೇ. ವರ್ಮೀರ್ ಮುತ್ತಿನ ಸುತ್ತ ಉಂಗುರ ಬರೆದಿಲ್ಲ, ಕಿವಿಗೆ ತಗುಲಿಸುವ ಕೊಂಡಿಯನ್ನೂ ಬರೆದಿಲ್ಲ. ಮೇಲೆ ಬಿಳಿಯ ದಪ್ಪ ಮಚ್ಚೆ, ಕೆಳಗೆ ಕೊರಳಪಟ್ಟಿಯಿಂದ ಚಿಮ್ಮಿದ ಮಸುಕು ಬೆಳಕು, ಮುಗಿಯಿತು. ನೀವು ದುಂಡಗೆ ಸುತ್ತಿ, ಕೊಂಡಿ ಹಾಕಿ, ಓಲೆಯನ್ನು ಅಕ್ಕಸಾಲಿಗನ ಹಾಗೆ ಪೂರ್ತಿ ಮಾಡಿಕೊಟ್ಟಿದ್ದೀರಿ. ಅಂದರೆ ನಕಲು ಮಾಡುವಾಗಲೂ ನೀವು ಬರೆದದ್ದು ಕಂಡದ್ದನ್ನಲ್ಲ, ‘ಮೂಗು ಹೀಗಿರುತ್ತದೆ, ಓಲೆ ಹೀಗಿರುತ್ತದೆ’ ಎಂದು ಮೊದಲೇ ತಿಳಿದದ್ದನ್ನು. ಆ ಹುಡುಗಿಯನ್ನು ಜಮಖಂಡಿಯಲ್ಲಿ ಯಾರೂ ಕಂಡಿಲ್ಲವಾದ್ದರಿಂದ ತಪ್ಪು ಯಾರಿಗೂ ಗೊತ್ತಾಗಲಿಲ್ಲ. ಅವ್ವನ ವಿಷಯದಲ್ಲಿ ಇಡೀ ಓಣಿಯೇ ಪರೀಕ್ಷಕರು.

ಬೆಳಕಿನ ಮಾತು ಇನ್ನೊಂದು. ಆ ಕಾಲದವರು ಸಾಮಾನ್ಯವಾಗಿ ಒಂದೇ ಕಿಟಕಿಯ, ಮೇಲಿನಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಕೆಲಸ ಮಾಡಿದರು. ಮುಖದ ಒಂದು ಬದಿ ಬೆಳಕು, ಒಂದು ಬದಿ ನೆರಳು, ನಡುವೆ ಒಂದು ತಿರುವು. ನಿಮ್ಮ ಅವ್ವ ಕೂತದ್ದು ಬಾಗಿಲಿನ ಬೆಳಕು, ಟ್ಯೂಬ್‌ಲೈಟ್, ಸುಣ್ಣದ ಗೋಡೆ ಮೂರರ ನಡುವೆ ಎಂದು ಫೋಟೋ ನೋಡಿದರೇ ತಿಳಿಯುತ್ತದೆ. ಮೂರು ಕಡೆಯಿಂದ ಬೆಳಕು ಬಿದ್ದರೆ ರೆಂಬ್ರಾಂಟ್ ಬಂದರೂ ಕೆನ್ನೆ ದುಂಡಗಾಗುವುದಿಲ್ಲ. ಸ್ಟುಡಿಯೋ ನಡೆಸುವವರಿಗೆ ಇದನ್ನು ನಾನು ಹೇಳಬೇಕೇ! ಪಾಸ್‌ಪೋರ್ಟ್ ಫೋಟೋಕ್ಕೆ ಎರಡೂ ಕಡೆ ದೀಪ ಹಾಕಿ ನೆರಳು ಕೊಲ್ಲುವುದು ನಿಮ್ಮ ನಿತ್ಯದ ಕೆಲಸ. ಇಲ್ಲಿ ಅದರ ಉಲ್ಟಾ ಮಾಡಬೇಕು.

ಪುಸ್ತಕಗಳು ಉತ್ತರದ ಕಿಟಕಿ ಹುಡುಕಿ ಎನ್ನುತ್ತವೆ. ಅದು ಯುರೋಪಿಗೆ ಸರಿ. ನಮ್ಮ ಬಾಗಲಕೋಟೆ-ವಿಜಯಪುರದ ಕಡೆ ಮೇ ಎರಡನೆಯ ವಾರದಿಂದ ಆಗಸ್ಟ್ ಆರಂಭದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಆ ತಿಂಗಳುಗಳಲ್ಲಿ ಬೆಳಗ್ಗೆ ಸಂಜೆ ಉತ್ತರದ ಕಿಟಕಿಗೂ ಬಿಸಿಲು ಹೊಡೆಯುತ್ತದೆ. ಹಳೆಯ ಧೋತರವೊಂದನ್ನು ಕಿಟಕಿಗೆ ಕಟ್ಟಿ. ಬೆಳಕು ಹದವಾಗುತ್ತದೆ.

ಬೂದಿ ಬಣ್ಣದ ಬಗ್ಗೆ ಹೇಳುವುದು ಬಹಳ ಇದೆ. ಇಲ್ಲಿ ನಕಲಿನ ತಪ್ಪೂ ಇದೆ, ಟ್ಯೂಬಿನ ತಪ್ಪೂ ಇದೆ.

ಹಳೆಯ ಚಿತ್ರಗಳೆಂದರೆ ಕಂದು ಎಂಬುದು ದೊಡ್ಡ ಭ್ರಮೆ. ರೆಂಬ್ರಾಂಟನ ‘ರಾತ್ರಿ ಪಹರೆ’ಯಲ್ಲಿ ರಾತ್ರಿಯೇ ಇಲ್ಲ. 1642ರಲ್ಲಿ ಬರೆದ ಹಗಲಿನ ದೃಶ್ಯ ಅದು. ಮೇಲಿನ ವಾರ್ನಿಷ್ ಹಳದಿಗಟ್ಟಿ, ಮಸಿ ಕೂತು, ಕಪ್ಪಾದ ಮೇಲೆ ಜನ ಆ ಹೆಸರು ಕೊಟ್ಟರು. ಮಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಮೊನಾಲಿಸಾಳ ಹಳೆಯ ನಕಲೊಂದು ಕಪ್ಪು ಹಿನ್ನೆಲೆಯಲ್ಲಿತ್ತು. 2012ರಲ್ಲಿ ಆ ಕಪ್ಪನ್ನು ತೆಗೆದಾಗ ಅಡಿಯಲ್ಲಿ ಬೆಟ್ಟ, ಹೊಳೆ, ತಿಳಿಯಾದ ಮೈಬಣ್ಣ ಕಂಡವು. ಅದು ಲಿಯೊನಾರ್ಡೊನ ಕಾರ್ಯಾಗಾರದಲ್ಲಿ ಮೂಲ ಚಿತ್ರದ ಜೊತೆಜೊತೆಗೇ ಶಿಷ್ಯನೊಬ್ಬ ಬರೆದ ನಕಲು ಎಂದು ತಜ್ಞರು ಹೇಳುತ್ತಾರೆ. ನಿಮ್ಮ ಮುತ್ತಿನೋಲೆಯ ಹುಡುಗಿಯ ಹಿಂದಿನ ಕಪ್ಪು ಕೂಡ ಮೊದಲು ಕಪ್ಪಾಗಿರಲಿಲ್ಲ. ಹೇಗ್‌ನ ಮೌರಿತ್ಸ್‌ಹೌಸ್ ಸಂಗ್ರಹಾಲಯ 2018ರಲ್ಲಿ ಚಿತ್ರವನ್ನು ಯಂತ್ರಗಳ ಕೆಳಗಿಟ್ಟು ಪರೀಕ್ಷಿಸಿದಾಗ, ಅಲ್ಲಿ ಹಸಿರು ಪರದೆ ಇತ್ತೆಂದೂ ಕಣ್ಣಿಗೆ ಸಣ್ಣ ರೆಪ್ಪೆಗೂದಲು ಇದ್ದವೆಂದೂ ತಿಳಿಯಿತು. ಹೀಗಾಗಿ ಕಾಲ, ಧೂಳು, ವಾರ್ನಿಷ್ ಮಾಡಿದ ಕೆಲಸವನ್ನೂ ಗುರುವಿನ ಕೆಲಸವೆಂದುಕೊಂಡು ನಾವು ಭಕ್ತಿಯಿಂದ ಬರೆಯುತ್ತೇವೆ.

ನಾನೂ ಈ ಗುಂಡಿಯಲ್ಲಿ ಬಿದ್ದವನೇ. ಹುಡುಗನಾಗಿದ್ದಾಗ ಕ್ಯಾಲೆಂಡರಿನಲ್ಲಿ ಅಚ್ಚಾದ ರೆಂಬ್ರಾಂಟನನ್ನು ನೋಡಿ ನೋಡಿ ಅಂಬರ್ ಎಂಬ ಕಂದು ಬಣ್ಣದ ಹುಚ್ಚು ಹಿಡಿದಿತ್ತು. ಗೋಕಾಕ ಕಡೆಯ ನಿವೃತ್ತ ಮುಖ್ಯಾಧ್ಯಾಪಕರೊಬ್ಬರ ಭಾವಚಿತ್ರ ಬರೆದೆ. ಅವರ ಹೆಂಡತಿ ಸ್ವಲ್ಪ ಹೊತ್ತು ನೋಡಿ, “ಇವರನ್ನು ಹೊಗೆಯಲ್ಲಿ ಯಾಕೆ ಕೂರಿಸಿದಿರಿ?” ಎಂದು ಕೇಳಿದರು. ಹಣ ಕೊಟ್ಟರು, ಚಿತ್ರ ಒಯ್ಯಲಿಲ್ಲ. ಅದು ಈಗಲೂ ನನ್ನ ಅಟ್ಟದಲ್ಲಿದೆ.

ಇನ್ನು ಟ್ಯೂಬು. ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಎಂದು ಸಿಗುವ ಗುಲಾಬಿ ಬಣ್ಣ ಯಾರ ಚರ್ಮದ್ದು ಎಂದು ನನಗೆ ಇನ್ನೂ ತಿಳಿದಿಲ್ಲ. ನೀವು ಅದಕ್ಕೆ ಬೆಳಕಿಗಾಗಿ ಬಿಳಿ, ನೆರಳಿಗಾಗಿ ಕಪ್ಪು ಬೆರೆಸಿದ್ದೀರಿ. ಟೈಟಾನಿಯಂ ಬಿಳಿಯು ಬಣ್ಣವನ್ನು ತಿಳಿ ಮಾಡುವುದರ ಜೊತೆಗೆ ತಣ್ಣಗೂ ಮಾಡುತ್ತದೆ, ಸುಣ್ಣ ಕಲಸಿದ ಹಾಗೆ. ಡಚ್ಚರ ಬಿಳಿ ಚರ್ಮಕ್ಕೆ ಅದು ಹೇಗೋ ಹೊಂದೀತು. ನಮ್ಮ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳಿಗೆ ಹೊಂದುವುದಿಲ್ಲ. ನಮ್ಮ ಚರ್ಮದಲ್ಲಿ ಬೆಳಕಿನ ಭಾಗ ಬಿಳಿಯ ಕಡೆಗಿಂತ ಕಾವಿ-ಹಳದಿಯ ಕಡೆಗೆ ಸರಿಯುತ್ತದೆ. ಹಣೆ, ಮೂಗಿನ ತುದಿಯ ಮಿಂಚು ಮಾತ್ರ ಪುಟ್ಟದಾಗಿ, ತೀಕ್ಷ್ಣವಾಗಿ ಇರುತ್ತದೆ. ಕಿಟಕಿಯಾಚೆ ತೆರೆದ ಆಕಾಶವಿದ್ದರೆ ಆ ಮಿಂಚು ತುಸು ನೀಲಿಯಾಗಿಯೂ ಕಾಣುತ್ತದೆ. ಉಳಿದ ಮುಖವೆಲ್ಲ ನಡುವಿನ ಛಾಯೆ, ಅಂದರೆ ತೀರ ತಿಳಿಯೂ ಅಲ್ಲದ ತೀರ ಗಾಢವೂ ಅಲ್ಲದ ಮಟ್ಟ. ಅದನ್ನು ಹಳದಿ ಕಾವಿ, ಸುಟ್ಟ ಸಿಯೆನ್ನಾ ಎಂಬ ಕೆಂಗಂದು, ಚೂರು ಕೆಂಪು, ಚೂರು ಅಲ್ಟ್ರಾಮರೀನ್ ನೀಲಿಯಿಂದ ಕಟ್ಟಬೇಕು. ಬಿಳಿಯನ್ನು ಉಪ್ಪಿನ ಹಾಗೆ ಬಳಸಿ. ಕಲಿಕೆಗಾದರೆ ಇನ್ನೂ ಕಡಿಮೆ ಸಾಕು: ಸ್ವೀಡನ್ನಿನ ಆ್ಯಂಡರ್ಸ್ ಜೋರ್ನ್ ಎಷ್ಟೋ ಭಾವಚಿತ್ರಗಳನ್ನು ಹೆಚ್ಚುಕಡಿಮೆ ಹಳದಿ ಕಾವಿ, ಇಂಗುಲಿಕದ ಕೆಂಪು, ಕಪ್ಪು, ಬಿಳಿ ಈ ನಾಲ್ಕರಲ್ಲೇ ಮುಗಿಸಿದ. ಬೆಚ್ಚಗಿನ ಬಣ್ಣಗಳ ಪಕ್ಕದಲ್ಲಿ ಕಪ್ಪೇ ನೀಲಿಯಂತೆ ಕಾಣುತ್ತದೆ.

ಇದನ್ನು ಯಾವ ಗುರುವಿನ ನಕಲೂ ಕಲಿಸುವುದಿಲ್ಲ. ಸವದತ್ತಿ ಕಡೆಯ ರೈತರೊಬ್ಬರು ಒಮ್ಮೆ ನನ್ನ ಮುಂದೆ ಕೂತು ಪಟಕಾ ತೆಗೆದರು. ಹಣೆಯ ನಡುವೆ ದಾರ ಹಿಡಿದು ಗೆರೆ ಎಳೆದ ಹಾಗೆ ಮುಖ ಎರಡು ಬಣ್ಣ. ಕೆಳಗೆ ನಲವತ್ತು ವರ್ಷದ ಬಿಸಿಲು ಕಾಯಿಸಿದ ತಾಮ್ರ, ಮೇಲೆ ನೆರಳಲ್ಲೇ ಉಳಿದ ಜೋಳದ ಹಿಟ್ಟಿನ ಬಣ್ಣ. ಟ್ಯೂಬಿನಲ್ಲಿ ಎರಡೂ ಇರಲಿಲ್ಲ. ನಿಮ್ಮ ಅವ್ವನ ಫೋಟೋದಲ್ಲಿಯೂ ಅಂಥದೊಂದು ಇದೆ, ನೀವು ನೋಡಿಲ್ಲ: ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದಿದ್ದಾರೆ, ಅದರ ಕೆಂಪು ಗದ್ದದ ಕೆಳಗೆ, ದವಡೆಯ ನೆರಳಿನೊಳಕ್ಕೆ ಹತ್ತಿದೆ. ಕೆನ್ನೆಯ ಮೇಲೆ ಅರಿಶಿನದ ಎಳೆ ಇದೆ. ಆ ನೆರಳಿಗೆ ನೀವು ಕಪ್ಪು ಹಾಕಿದಿರಿ, ಅಲ್ಲಿಯೇ ಅವ್ವ ಬೂದಿಯಾದರು.

ಚೌಕಳಿ ಮೋಸವಲ್ಲ. ಚಿತ್ರವನ್ನು ದೊಡ್ಡದು ಮಾಡಲು ಶತಮಾನಗಳಿಂದ ಬಳಸುತ್ತ ಬಂದಿರುವ ಉಪಾಯ ಅದು. ಆದರೆ ಕಲಿಯಲು ಕೂತಾಗ ಅದು ನಿಮ್ಮ ಬದಲು ಅಳೆದುಬಿಡುತ್ತದೆ. ಅಂದಾಜಿನಿಂದ ಬರೆದು, ಕೊನೆಯಲ್ಲಿ ತಪ್ಪು ಹುಡುಕಲು ಚೌಕಳಿ ಹಾಕಿ.

ಹಾಗಾದರೆ ಮುಂದೆ ಏನು ಮಾಡಬಹುದು? ನಾನು ಹೇಳುವುದಾದರೆ ನಕಲನ್ನು ಬಿಡಬೇಡಿ, ಆದರೆ ಪೂರ್ತಿ ಚಿತ್ರದ ನಕಲನ್ನು ಒಂದು ವರ್ಷ ಬಿಡಿ. ಬದಲಿಗೆ ತುಂಡು ನಕಲು ಮಾಡಿ, ಒಂದು ಪ್ರಶ್ನೆ ಇಟ್ಟುಕೊಂಡು. ಈ ವಾರ ಕಣ್ಣಿನ ಗುಳಿಯ ನೆರಳು ಮಾತ್ರ. ರೆಂಬ್ರಾಂಟನ ಕೊನೆಗಾಲದ ಸ್ವಂತ ಭಾವಚಿತ್ರದಲ್ಲಿ ಆ ನೆರಳು ಎಷ್ಟು ಛಾಯೆಗಳದ್ದು, ಅಂಚು ಎಲ್ಲಿ ಕರಗುತ್ತದೆ, ಬಣ್ಣ ಎಲ್ಲಿ ದಪ್ಪ, ಎಲ್ಲಿ ನೀರಾಗಿದೆ? ಎರಡು ಗಂಟೆಯಲ್ಲಿ ಅಂಗೈ ಅಗಲದ ಹಲಗೆಯ ಮೇಲೆ ಅದನ್ನು ಬರೆಯಿರಿ. ಅದೇ ವಾರ ಅವ್ವನ, ಗೆಳೆಯನ, ಇಲ್ಲವೇ ಕನ್ನಡಿಯಲ್ಲಿ ನಿಮ್ಮದೇ ಕಣ್ಣಿನ ಗುಳಿಯನ್ನು ಅಷ್ಟೇ ಹೊತ್ತಿನಲ್ಲಿ ಬರೆಯಿರಿ. ಒಂದು ನಕಲಿಗೆ ಒಂದು ಜೀವಂತ ಮುಖ, ಲೆಕ್ಕ ತಪ್ಪಬಾರದು. ಇದರ ಅಪಾಯವೂ ಕೇಳಿ: ಆರು ತಿಂಗಳು ಮನೆಗೆ ಬಂದವರಿಗೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಹೊಗಳಿಕೆಯ ರುಚಿ ಹತ್ತಿದವರು ಸಾಮಾನ್ಯವಾಗಿ ಮೂರನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ.

ನಕಲಿಗೆ ಮೊಬೈಲನ್ನು ಮಾತ್ರ ಇಟ್ಟುಕೊಳ್ಳಬೇಡಿ. ಪರದೆ ತಾನೇ ಬೆಳಗುತ್ತದೆ, ಬಣ್ಣ ಬೆಳಗುವುದಿಲ್ಲ. ಆರು ಅಂಗುಲದ ಪರದೆಯಲ್ಲಿ ಕುಂಚದ ಒಂದು ಎಳೆತ ಎಷ್ಟು ಅಗಲ ಎಂದು ತಿಳಿಯುವುದೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ತಮ್ಮ ಹಳೆಯ ಚಿತ್ರಗಳ ದೊಡ್ಡ ಫೈಲುಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತವೆ. ಮುತ್ತಿನೋಲೆಯ ಹುಡುಗಿ ನಿಜದಲ್ಲಿ 44.5 × 39 ಸೆಂಟಿಮೀಟರ್, ಅಷ್ಟೇ. ನಿಮ್ಮದೇ ಪ್ರಿಂಟರ್ ಇದೆ, ನಿಜ ಅಳತೆಯಲ್ಲಿ ಮುದ್ರಿಸಿ, ಕ್ಯಾನ್ವಾಸಿನ ಪಕ್ಕದಲ್ಲಿ ಅದೇ ಬೆಳಕಿನಲ್ಲಿ ಇಟ್ಟುಕೊಳ್ಳಿ. ಬಣ್ಣ ತುಸು ಸುಳ್ಳೇ ಬರುತ್ತದೆ. ಅದಕ್ಕೇ ಬಣ್ಣವನ್ನು ನಕಲಿನಿಂದ ಕಲಿಯಬೇಡಿ ಎನ್ನುವುದು. ಛಾಯೆ, ಅಂಚು, ಕ್ರಮ ಈ ಮೂರನ್ನು ಕಲಿಯಿರಿ.

ರೇಖೆಯೇ ಬಿಗಿಯಾಗಿದೆ ಎನಿಸಿದರೆ ಬಣ್ಣ ಬಿಟ್ಟು ಇದ್ದಿಲಿಗೆ ಬನ್ನಿ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಶಾರ್ಲ್ ಬಾರ್ಗ್ ಮಾಡಿದ ಸುಮಾರು ಇನ್ನೂರು ಅಭ್ಯಾಸದ ಹಾಳೆಗಳು ಇದಕ್ಕಾಗಿಯೇ ಇವೆ. ವ್ಯಾನ್ ಗೋ ಕೂಡ ಕಲಿಯುವಾಗ ಅವನ್ನು ಮತ್ತೆ ಮತ್ತೆ ನಕಲು ಮಾಡಿದ. ಅದರ ಮೊದಲ ಭಾಗ ಪ್ಲಾಸ್ಟರ್ ಮೂರ್ತಿಗಳ ಚಿತ್ರಗಳು. ನಮಗೆ ಪ್ಲಾಸ್ಟರ್ ಏಕೆ? ನಿಮ್ಮ ಜಿಲ್ಲೆಯಲ್ಲಿಯೇ ಬಾದಾಮಿ ಇದೆ. 578ರ ಶಾಸನವಿರುವ ಮೂರನೆಯ ಗುಹೆಯ ಕಂಬಗಳ ಬಳಿ ಬೆಳಗ್ಗೆ ಒಂದು ಗಂಟೆ ಹೊತ್ತು ಸ್ಕೆಚ್ ಪುಸ್ತಕ ಹಿಡಿದು ಕೂತರೆ, ಒಂದೇ ಬಣ್ಣದ ಕಲ್ಲಿನ ಮುಖದ ಮೇಲೆ ಬೆಳಕು ಹೇಗೆ ತಿರುಗುತ್ತದೆ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಕಲ್ಲು ಹಾಲು ಉಕ್ಕಿತೆಂದು ಎದ್ದು ಹೋಗುವುದಿಲ್ಲ. ಅಲ್ಲಿಯೇ ವರ್ಷಗಟ್ಟಲೆ ಉಳಿದರೆ ಮಾತ್ರ ನಿಮ್ಮ ಮನುಷ್ಯರೂ ಕಲ್ಲಾಗುತ್ತಾರೆ.

ಗುರುವನ್ನು ಹುಡುಕುವುದು ಇನ್ನೊಂದು ದಾರಿ. ಬೆಳಗಾವಿ ಕೆ. ಬಿ. ಕುಲಕರ್ಣಿಯವರಂಥ ಚಿತ್ರಕಾರರಿದ್ದ ಊರು, ಎದುರಿಗೆ ಕೂತವರನ್ನು ನೋಡಿ ಬರೆಯುವ ರೂಢಿ ಇಲ್ಲಿ ಇನ್ನೂ ಇದೆ. ತಿಂಗಳಿಗೊಮ್ಮೆ ಬಂದು ಒಬ್ಬರು ಬರೆಯುವುದನ್ನು ಹಿಂದೆ ನಿಂತು ನೋಡಿದರೆ ಹತ್ತು ನಕಲಿನಷ್ಟು ಲಾಭ. ಅಪಾಯವೆಂದರೆ ಗುರುವಿನ ಕೈ ನಿಮ್ಮ ಕೈಗೆ ಅಂಟುವುದು. ನೂರು ವಿದ್ಯಾರ್ಥಿಗಳು ಒಂದೇ ತರಹದ ಮೂಗು ಬರೆಯುವುದನ್ನು ನಾನು ಪ್ರದರ್ಶನಗಳಲ್ಲಿ ನೋಡಿದ್ದೇನೆ. ಅದರಲ್ಲಿ ನನ್ನ ಮೂಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೂಲ ತೈಲಚಿತ್ರಗಳನ್ನು ಕಣ್ಣಾರೆ ನೋಡಲು ಸಾತಾರಾ ಜಿಲ್ಲೆಯ ಔಂಧ್ ಸಂಗ್ರಹಾಲಯಕ್ಕೆ ಹೋಗಿ ಬನ್ನಿ, ರವಿವರ್ಮ, ಧುರಂಧರರ ಕೆಲಸ ಅಲ್ಲಿದೆ. ಬಣ್ಣದ ದಪ್ಪ ತೆಳುವನ್ನು ಯಾವ ಫೋಟೋವೂ ತೋರಿಸುವುದಿಲ್ಲ.

ಫೋಟೋ ನೋಡಿ ಬರೆಯುವುದನ್ನು ನಿಮಗೆ ಬೇಡ ಎನ್ನಲಾರೆ, ಅದು ನಿಮ್ಮ ಅನ್ನದ ದಾರಿ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೋ ಮೂಗನ್ನು ಉಬ್ಬಿಸಿ ಕಿವಿಗಳನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು ನಿಮಗೇ ಗೊತ್ತು. ದೂರ ನಿಂತು ತೆಗೆಯಿರಿ.

ಗಾಣದ ಅಗಸೆ ಎಣ್ಣೆ ಚಟ್ನಿಗೆ ಇರಲಿ. ಎಣ್ಣೆಬಣ್ಣದಲ್ಲಿ ಬಳಸುವುದೂ ಅಗಸೆ ಎಣ್ಣೆಯೇ ನಿಜ, ಆದರೆ ಅದು ಲೋಳೆ, ಆಮ್ಲ ತೆಗೆದು ಶುದ್ಧ ಮಾಡಿದ್ದು. ಗಾಣದಿಂದ ನೇರವಾಗಿ ಬಂದ ಎಣ್ಣೆ ಬೇಗ ಹಳದಿಯಾಗುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ನಮ್ಮ ಎರೆಹೊಲದ ಕುಸುಬೆ ಎಣ್ಣೆಯನ್ನೂ ಬಣ್ಣದ ಕಂಪನಿಗಳು ಬಿಳಿಗೆ ಬಳಸುತ್ತವೆ, ಹಳದಿಯಾಗುವುದು ಕಡಿಮೆ ಎಂದು. ಅದು ಒಣಗುವುದು ನಿಧಾನ, ಆದ್ದರಿಂದ ಕೆಳಪದರಕ್ಕೆ ಬೇಡ. ಅದನ್ನೂ ಶುದ್ಧ ಮಾಡಿದ್ದನ್ನೇ ತೆಗೆದುಕೊಳ್ಳಿ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ಪದರದ ಮೇಲೆ ಪದರ ಹಾಕುವಾಗ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ನೀವು ಕೇಳದ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ತಾನೇ ಹೊತ್ತಿಕೊಳ್ಳಬಹುದು. ಫೋಟೋ ಕಾಗದ ತುಂಬಿದ ಮುಚ್ಚಿದ ಅಂಗಡಿ, ಏಪ್ರಿಲ್ ತಿಂಗಳ ಸೆಕೆ, ನೀವೇ ಯೋಚಿಸಿ. ಬಟ್ಟೆಗಳನ್ನು ಹೊರಗೆ ಬಿಡಿಸಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ಟರ್ಪಂಟೈನ್ ಬಳಸುವಾಗ ಶಟರ್ ಎಳೆದುಕೊಂಡು ಕೂರಬೇಡಿ.

ಮಾರಾಟದ ವಿಷಯ ಸರಳ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ವರ್ಮೀರ್, ರೆಂಬ್ರಾಂಟ್, ರವಿವರ್ಮ ಎಲ್ಲರದ್ದೂ ಎಂದೋ ಮುಗಿದಿದೆ. ಆದರೆ ಮೈಸೂರಿನ ಜಗನ್ಮೋಹನ ಅರಮನೆಯ ‘ದೀಪ ಹಿಡಿದ ಹೆಣ್ಣು’ ಬೇಕೆಂದು ಹೋಟೆಲಿನವರು ಕೇಳಿದರೆ ಎಚ್ಚರ. ಬಹಳ ಜನ ಅದನ್ನು ರವಿವರ್ಮರ ತೈಲಚಿತ್ರ ಎಂದುಕೊಂಡಿದ್ದಾರೆ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್ ಬರೆದ ಜಲವರ್ಣ. ಅವರು ತೀರಿಕೊಂಡದ್ದು 1968ರಲ್ಲಿ, ಹಕ್ಕಿನ ಅವಧಿ 2028ರ ಕೊನೆಯವರೆಗೆ ಇದೆ. ಮನೆಯಲ್ಲಿ ಕಲಿಯಲು ಬರೆದುಕೊಳ್ಳಿ, ಮಾರಬೇಡಿ. ಹಳೆಯ ಗುರುಗಳ ನಕಲನ್ನು ಮಾರುವಾಗ ಮೂಲದ ಅಳತೆಗಿಂತ ಬೇರೆ ಅಳತೆಯಲ್ಲಿ ಬರೆಯಿರಿ, ಅವರ ಸಹಿ ಹಾಕಬೇಡಿ, ಹಿಂಬದಿಯಲ್ಲಿ ‘ವರ್ಮೀರನ ನಕಲು’ ಎಂದು ನಿಮ್ಮ ಹೆಸರು, ಇಸವಿ ಬರೆಯಿರಿ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕೂತು ನಕಲು ಮಾಡುವವರಿಗೂ ಅಳತೆ ಮತ್ತು ಸಹಿಯ ನಿಯಮ ಹೀಗೆಯೇ.

ಈಗ ಅವ್ವನ ಕಡೆಗೆ. ಟ್ಯೂಬ್‌ಲೈಟ್ ಆರಿಸಿ, ಬಾಗಿಲು ಮುಚ್ಚಿ, ಒಂದೇ ಕಿಟಕಿ ತೆರೆದಿಡಿ. ಕಿಟಕಿ ಅವರ ಎಡಕ್ಕೆ, ಮುಖಕ್ಕಿಂತ ಸ್ವಲ್ಪ ಎತ್ತರದಲ್ಲಿರಲಿ. ‘ಅಲುಗಾಡಬೇಡ’ ಎನ್ನಬೇಡಿ, ಮೊರದಲ್ಲಿ ಜೋಳ ಕೊಟ್ಟು ಹಸನು ಮಾಡಲು ಹೇಳಿ. ತಲೆ ಬಾಗಿರುತ್ತದೆ, ಕೈ ಆಡುತ್ತಿರುತ್ತದೆ, ಮುಖ ತನ್ನಷ್ಟಕ್ಕೆ ತಾನು ಇರುತ್ತದೆ. ಇಪ್ಪತ್ತು ನಿಮಿಷ, ಅಂಗುಲ ಅಗಲದ ಕುಂಚ, ಮೂರೇ ಛಾಯೆ. ಕಣ್ಣು ಬರೆಯಬೇಡಿ, ಗುಳಿಯ ನೆರಳು ಸಾಕು. ಮುಗಿದ ಮೇಲೆ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟು, ಮರುದಿನ ಬೆಳಗ್ಗೆ ಕನ್ನಡಿಯಲ್ಲಿ ನೋಡಿ. ನನಗೆ ಅದರ ಫೋಟೋ ಕಳಿಸಿ. ಮುತ್ತಿನೋಲೆಯ ಹುಡುಗಿಯದು ಸಾಕು.